ಮೂರು ಮುಳುಗು

ಹೊಳೆಯ ಹೆಸರೆತ್ತಿದರೆ ಪವಿತ್ರಳ ಅಂಗೈ ತಣ್ಣಗಾಗುತ್ತಿತ್ತು. ಅವಳು ಚಿಕ್ಕವಳಿದ್ದಾಗ ಅಪ್ಪ ಕೃಷ್ಣ, ಟಿ. ನರಸೀಪುರದ ಹತ್ತಿರ ಮರಳು ತೆಗೆಯಲು ನೀರಿಗಿಳಿದವನು ಮೇಲೆ ಬರಲಿಲ್ಲ. ಹೆಣ ಸಿಕ್ಕಿ ಮಣ್ಣು ಮಾಡಿದ ಮೇಲೆ ಎಲ್ಲರನ್ನೂ ಅದೇ ಹೊಳೆಗೆ ಕರೆದೊಯ್ದರು. ಪವಿತ್ರ ಒಮ್ಮೆ ಮುಳುಗಿ, ಎಂದಿನಂತೆ ಮತ್ತೆ ಮೂಗು ಹಿಡಿದಾಗ ಯಾರೋ ರಟ್ಟೆ ಹಿಡಿದು ಎಳೆದರು.

"ಒಂದೇ ಕಣವ್ವ. ಮೂರು ಮುಳುಗು ದೇವರಿಗೆ. ಸಾವಿನ ಸ್ನಾನಕ್ಕೆ ಒಂದೇ."

ಆಮೇಲೆ ಅವಳು ಹೊಳೆಗೆ ಇಳಿಯಲೇ ಇಲ್ಲ. ದೊಡ್ಡವಳಾಗಿ ನಂಜನಗೂಡಿನ ಲಾಡ್ಜೊಂದರಲ್ಲಿ ಕೋಣೆ ಗುಡಿಸುವ ಕೆಲಸಕ್ಕೆ ಸೇರಿದಳು. ಎಷ್ಟೋ ವರ್ಷ ದೇವಸ್ಥಾನಕ್ಕೆ ಹೋದರೂ ಸ್ನಾನಘಟ್ಟದ ಕಡೆ ತಿರುಗಿ ನೋಡುತ್ತಿರಲಿಲ್ಲ.

ಎರಡು ಸಾವಿರದ ಎಂಟರಲ್ಲಿ ಲಾಡ್ಜ್ ಮುಚ್ಚುವುದೆಂದಾಯಿತು. ಅಲ್ಲಿನ ಅಡುಗೆಯ ನಾಗೇಂದ್ರ ಹಿಂದೆ ಕೊಚ್ಚಿಯಲ್ಲಿ ಯಾಟ್ ಮೇಲೆ, ಅಂದರೆ ಸಾಹುಕಾರರ ಸ್ವಂತ ವಿಹಾರದ ಹಡಗಿನ ಮೇಲೆ, ಪಾತ್ರೆ ತೊಳೆದವನು, ನೀನೂ ಅಂಥ ಕೆಲಸಕ್ಕೆ ಹೋಗು ಎಂದು ಪವಿತ್ರಳಿಗೆ ಹೇಳಿದ.

"ನೀನೇನು ಅದನ್ನ ಓಡಿಸ್ಬೇಕಾ? ಆಸಿಗೆ ಆಸೋದು, ಲೋಟ ಒರ್ಸೋದು. ನಮ್ ಲಾಡ್ಜೇ ತೇಲ್ತಾ ಅದೆ ಅನ್ಕೊ."

"ನೀರು ಅಂದ್ರೆ ಜೀವ ಓಯ್ತದೆ ಕಣಣ್ಣ."

"ಏಜೆಂಟು ಗೀಜೆಂಟು ಅಂತ ಓಗ್ಬೇಡ. ಮೊದ್ಲು ನೀರಿನ ಕೋರ್ಸ್ ಮಾಡ್ಕೊ, ಆ ಸರ್ಟಿಫಿಕೇಟ್ ಇಲ್ದೆ ಯಾರೂ ಅತ್ತುಸ್ಕೊಳಲ್ಲ. ಆಮೇಲೆ ಬೆಳಿಗ್ಗೆನೇ ಜೆಟ್ಟಿಗೋಗಿ ಒಂದೊಂದು ಯಾಟ್ ಮುಂದೂ ನಿಂತು, ಇವತ್ತೊಂದಿನ ಕೆಲ್ಸ ಅದಾ ಅಂತ ಕೇಳು. ಕೈ ಚೆನ್ನಾಗಿದ್ರೆ ಸೀಸನ್ನಿಗೆ ಇಟ್ಕೊತಾರೆ."

ಅವ್ವ ಗೋವಿಂದಮ್ಮ ಕೂಗಾಡಲಿಲ್ಲ. ಅನ್ನ ಬಡಿಸುತ್ತಾ, "ನಿಮ್ಮಪ್ಪನ್ನ ನುಂಗಿದ್ದು ಸಾಲ್ದಾ ಅದುಕ್ಕೆ?" ಎಂದಳು, ಅಷ್ಟೆ. ಬಸ್ಸು ಹತ್ತುವಾಗ ಮಗಳ ಸೆರಗಿಗೆ ನಂಜುಂಡನ ವಿಭೂತಿ ಕಟ್ಟಿದಳು.

ಕೊಚ್ಚಿಯ ತರಬೇತಿ ಕೇಂದ್ರದಲ್ಲಿ ಬೆಂಕಿ ಆರಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಎಲ್ಲ ಸಲೀಸಾಗಿ ಆಯಿತು. ಉಳಿದದ್ದು ಕೊಳ. ಎತ್ತರದ ಕಟ್ಟೆಯ ಮೇಲಿಂದ ಲೈಫ್ ಜಾಕೆಟ್ ತೊಟ್ಟು ಹಾರಬೇಕು. ಹಾರದಿದ್ದರೆ ಸರ್ಟಿಫಿಕೇಟ್ ಇಲ್ಲ, ಊರಿಗೆ ವಾಪಸ್.

ಪವಿತ್ರ ಹಿಂದೆ ಸರಿದು ಸರಿದು ಕೊನೆಯವಳಾಗಿ ಉಳಿದಳು. ಕಟ್ಟೆ ಹತ್ತಿ ತುದಿಯಿಂದ ಬಗ್ಗಿ ನೋಡಿದಳು. ಕೆಳಗೆ ನೀರು ನೀಲಿಯಾಗಿತ್ತು, ಆದರೆ ಅವಳಿಗೆ ಕಂಡದ್ದು ಮರಳು ಕದಡಿದ ಕೆಂಪು ನೀರೇ.

"ಕೆಳಗೆ ನೋಡ್ಬೇಡಿ ಮಾರಾಯ್ರೆ! ಮೂಗು ಹಿಡೀರಿ, ಒಂದು ಹೆಜ್ಜೆ ಮುಂದೆ ಇಡಿ!" ಮಂಗಳೂರಿನ ಕಡೆಯ ತರಬೇತುದಾರರು ಕೂಗಿದರು.

ಮೂಗು ಹಿಡಿಯಿರಿ ಎಂದದ್ದೇ ಸಾಕಾಯಿತು. ಹೊಳೆಯಲ್ಲಿ ಕಲಿತ ಆ ಒಂದು ಕೆಲಸ ಕೈಗೆ ಗೊತ್ತಿತ್ತು. ಅಪ್ಪಾ ನಂಜುಂಡಾ ಎಂದು ಹೆಜ್ಜೆ ಇಟ್ಟಳು. ನೀರು ಕಿವಿಗೆ ಅಪ್ಪಳಿಸಿತು, ಕತ್ತಲಾಯಿತು. ಮರುಕ್ಷಣ ಜಾಕೆಟ್ಟು ಅವಳನ್ನು ಸೋರೆಬುರುಡೆಯಂತೆ ಮೇಲಕ್ಕೆ ಎಸೆಯಿತು.

"ಪಾಸ್! ಮೇಲೆ ಬನ್ನಿ!"

ಉಸಿರು ಬಂತು. ಅದರ ಹಿಂದೆಯೇ, ಹಾರುವಾಗಲೂ ಇರದಿದ್ದ ಭಯ ಎದೆಗೆ ಬಂದು ಕೂತಿತು. ಒಂದೇ ಮುಳುಗು. ಇಷ್ಟು ವರ್ಷಕ್ಕೆ ನೀರಿಗಿಳಿದು ಸಾವಿನ ಸ್ನಾನ ಮಾಡಿಕೊಂಡು ಹೋಗುವುದೇ? ಯಾರ ಸಾವಿನದ್ದು? ಅವ್ವನದ್ದೋ, ತನ್ನದೋ? ಅಲ್ಲೇ ತಲೆ ಮುಳುಗಿಸಲು ನೋಡಿದಳು. ಜಾಕೆಟ್ಟು ಬಿಡಲಿಲ್ಲ.

ಮೆಟ್ಟಿಲು ಹತ್ತಿದವಳು ನೇರ ಕಟ್ಟೆಯ ಕಡೆ ನಡೆದಳು.

"ಎಲ್ಲಿಗೆ? ನಿಮ್ದು ಮುಗೀತಲ್ಲ?"

"ಇನ್ನೆರಡು ಸಲ ಆರ್ಬೇಕು ಸಾ."

"ಯಾಕೆ?"

"ಒಂದುಕ್ಕೇ ನಿಲ್ಸಂಗಿಲ್ಲ ಸಾ."

ಜೊತೆಯವರು ನಕ್ಕರು. "ಹೆದರ್ತಾ ಇದ್ದೋಳಿಗೆ ರುಚಿ ಹತ್ತಿತು ನೋಡಿ ಸರ್!"

ತರಬೇತುದಾರರು ಹೋಗಲಿ ಎಂದು ಕೈ ಬೀಸಿದರು. ಎರಡನೆಯದು ಮೊದಲಿನದಕ್ಕಿಂತ ಕಷ್ಟವಾಯಿತು, ನೀರಿನ ಪೆಟ್ಟು ಹೇಗಿರುತ್ತದೆಂದು ಈಗ ಗೊತ್ತಿತ್ತಲ್ಲ. ಮೂರನೆಯದಕ್ಕೆ ಕಟ್ಟೆಯ ತುದಿಯಲ್ಲಿ ಕಣ್ಣು ಮುಚ್ಚಿ ಅಳುತ್ತಲೇ ಹಾರಿದಳು. ಮೇಲೆ ಬಂದು ಬೊಗಸೆ ನೀರು ತಲೆಗೆ ಚಿಮುಕಿಸಿಕೊಂಡಳು.

ಸರ್ಟಿಫಿಕೇಟ್ ಕೈಗೆ ಬಂದ ಮಾರನೆಯ ಬೆಳಿಗ್ಗೆ ಜೆಟ್ಟಿಗೆ ಹೋದಳು. ಹಲವು ಯಾಟುಗಳಲ್ಲಿ ಇಲ್ಲವೆಂದು ತಲೆ ಅಲ್ಲಾಡಿಸಿದರು. ಬಿಳಿಯದೊಂದರಲ್ಲಿ ಒಬ್ಬ ಹೆಂಗಸು ಇಡೀ ದಿನ ಕಂಬಿ ಉಜ್ಜಿಸಿ, ನಾಳೆಯೂ ಬಾ ಎಂದಳು.

ಸಂಜೆ ಬೂತಿನಿಂದ ಅವ್ವನಿಗೆ ಫೋನು ಮಾಡಿದಳು. ಕೊಳಕ್ಕೆ ಹಾರಿದ್ದನ್ನು ಹೇಳಿದಳು.

"ಎಷ್ಟು ಮುಳುಗು ಆಕ್ದೆ?" ಗೋವಿಂದಮ್ಮ ಕೇಳಿದಳು.

"ಮೂರು ಕಣವ್ವ."

"ಊಂ. ಓಗ್ಲಿ ಬುಡು." ಮೂಗು ಸೀಟಿದ ಸದ್ದು. "ಉಂಡಾ?"