ಕೇತೆವಾನಳ ಶನಿವಾರದ ಪಾಠ

ಜರ್ಮನಿಯಲ್ಲಿ ನಡೆದ ನಮ್ಮ ಬೇಸಿಗೆಯ ಜರ್ಮನ್ ತರಗತಿಯಲ್ಲಿ ಎಲ್ಲರಿಗಿಂತ ಹಿರಿಯಳು ಕೇತೆವಾನ್, ಜಾರ್ಜಿಯಾ ದೇಶದ ನಿವೃತ್ತ ನರ್ಸ್. ಶನಿವಾರ ಬಾಂಬರ್ಗ್ ಪಟ್ಟಣ ನೋಡಲು ಹೋದಾಗ, ನಮ್ಮನ್ನು ಕರೆದೊಯ್ದ ಜರ್ಮನ್ ಗೈಡ್ ಯೊನಾಸ್ ಎಲ್ಲವನ್ನೂ ಇಂಗ್ಲಿಷಿನಲ್ಲೇ ವಿವರಿಸತೊಡಗಿದ.

"ಜರ್ಮನ್‌ನಲ್ಲಿ ಹೇಳಪ್ಪಾ," ಎಂದಳು ಕೇತೆವಾನ್.

"ನಿಮಗೆ ಅರ್ಥ ಆಗಲ್ಲಮ್ಮಾ."

"ಆಗದಿದ್ರೆ ಮತ್ತೆ ಕೇಳ್ತೀನಿ. ಕಲಿಯೋಕೇ ಅಲ್ವಾ ಬಂದಿರೋದು?"

ಹುಡುಗರೆಲ್ಲ ನಕ್ಕರು, ಯೊನಾಸ್ ಇಂಗ್ಲಿಷನ್ನೇ ಮುಂದುವರಿಸಿದ. ಕೇತೆವಾನ್ ಗುಂಪು ಬಿಟ್ಟು, ಸಂತೆಯಲ್ಲಿ ಮೂಲಂಗಿ ಮಾರುತ್ತಿದ್ದ ಮುದುಕಿಯ ಜೊತೆ ಮಾತಿಗಿಳಿದಳು. ನಾನೂ ಅವಳ ಹಿಂದೆ ಹೋದೆ. ವ್ಯಾಕರಣವೆಲ್ಲ ತಪ್ಪಾಗಿತ್ತು, ಆದರೂ ಅರ್ಧ ಗಂಟೆಯಲ್ಲಿ ಇಬ್ಬರೂ ಮಂಡಿನೋವು, ಸೊಸೆಯರು, ಸತ್ತ ಗಂಡಂದಿರು ಎಲ್ಲವನ್ನೂ ಮಾತಾಡಿ ಮುಗಿಸಿದ್ದರು.

ಹಿಂತಿರುಗಿದಾಗ ಬಸ್ಸು ನಮಗಾಗಿ ಕಾದಿತ್ತು. ಯೊನಾಸ್ ಸಿಟ್ಟಿನಲ್ಲಿ ಇಂಗ್ಲಿಷ್ ಮರೆತು ಜರ್ಮನ್‌ನಲ್ಲೇ ಬೈಯತೊಡಗಿದ.

ಕೇತೆವಾನ್ ಅವನೆದುರಿನ ಸೀಟಿನಲ್ಲಿ ಕೂತು ನೋಟ್‌ಬುಕ್ ತೆರೆದಳು. "ಇನ್ನೂ ಬೈಯಪ್ಪಾ, ಸ್ವಲ್ಪ ನಿಧಾನವಾಗಿ."