ಕುಂಕುಮದ ಕೆಳಗಿನ ಗೆರೆ

ಮೊನ್ನೆ ಭಾನುವಾರ ಮಗಳು ಊಟದ ಮೇಜಿನ ಮೇಲೆ ಕೆಂಪು ನೈಲ್ ಪಾಲಿಶ್ ಬಾಟಲಿ ತೆರೆದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಹಳೆಯ ಪಕ್ಕದ ಮನೆಯ ಗರಾಜು ಕಣ್ಣ ಮುಂದೆ ಬಂತು. ಬೇರೆಯವರಿಗೆ ಈ ವಾಸನೆಯಿಂದ ಮದುವೆ ಮನೆ ನೆನಪಾಗಬಹುದು. ನನಗೆ ಮಾತ್ರ ಮಂಡಿಗೂ ಮೊಣಕೈಗೂ ಕವಚ ಕಟ್ಟಿಕೊಂಡು, ಹೆಲ್ಮೆಟ್ ಹಾಕಿಕೊಂಡು ನಿಂತ, ಅರವತ್ತರ ಹತ್ತಿರದ ಒಬ್ಬ ಗಂಡಸು ನೆನಪಾಗುತ್ತಾರೆ.

"ಅಮ್ಮಾ, ವೈ ಆರ್ ಯು ಸ್ಮೈಲಿಂಗ್?" ಎಂದಳು ಮಗಳು. ನಗುತ್ತಿದ್ದೆನೋ ಏನೋ... ನನಗೇ ಗೊತ್ತಿರಲಿಲ್ಲ.

ಆಗ ನಾವು ಅಮೆರಿಕದ ಡ್ಯಾನ್‌ವಿಲ್‌ನಲ್ಲಿ, ಗುಡ್ಡದ ಇಳಿಜಾರಿಗೆ ಅಂಟಿಕೊಂಡ ಟೌನ್‌ಹೌಸ್ ಸಾಲಿನಲ್ಲಿದ್ದೆವು. ಅವರನ್ನು ನಾನು ಮೊದಲು ನೋಡಿದ್ದು ಔಷಧಿ ಅಂಗಡಿಯಲ್ಲಿ. ನೈಲ್ ಪಾಲಿಶ್ ಸಾಲಿನ ಮುಂದೆ ನಿಂತು, ಒಂದೊಂದೇ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನನ್ನ ಕುತೂಹಲ ಮುಖದಲ್ಲೇ ಕಂಡಿರಬೇಕು. "ಉಗುರಿಗಲ್ಲ ಕಣಮ್ಮ, ಸ್ಕ್ರೂಗೆ," ಎಂದು ಕನ್ನಡದಲ್ಲೇ ಹೇಳಿಬಿಟ್ಟರು, ನಾನು ಫೋನಿನಲ್ಲಿ ಮಾತಾಡಿದ್ದು ಕೇಳಿಸಿಕೊಂಡಿದ್ದರೇನೋ. ಪಕ್ಕದ ಮನೆಗೆ ಹೊಸದಾಗಿ ಬಂದವರು ಇವರೇ ಎಂದು ಆಮೇಲೆ ತಿಳಿಯಿತು. ಊರು ಮಂಡ್ಯದ ಕಡೆ, ಕೆಲಸ ಎಂಜಿನಿಯರಿಂಗು, ಹುಚ್ಚು ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡಿನದು. ನಾನು ಅವರನ್ನು ಅಣ್ಣ ಎಂದೇ ಕರೆದೆ, ಮೈಸೂರಿನವರಾದ ಅವರ ಹೆಂಡತಿಯನ್ನು ಅತ್ತಿಗೆ ಎಂದು.

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಬೋರ್ಡು ಅವರಿಗೆ ಬೇಡ. ಹಲಗೆ, ಮೋಟರು, ಬ್ಯಾಟರಿ, ಎಲ್ಲವನ್ನೂ ಬೇರೆ ಬೇರೆ ತರಿಸಿ ತಾವೇ ಜೋಡಿಸಬೇಕು. ಮನುಷ್ಯ ಎಷ್ಟು ಹುಚ್ಚರೋ ಅಷ್ಟೇ ಪುಕ್ಕಲು. ಬ್ಯಾಟರಿ ಚಾರ್ಜಾಗುವಾಗ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಹಾಲು ಉಕ್ಕುವುದನ್ನು ಕಾಯುವವರ ಹಾಗೆ ಕಾಯುತ್ತಿದ್ದರು. ಒಮ್ಮೆ ಒಂದು ಬ್ಯಾಟರಿ ಉಬ್ಬಿಕೊಂಡಿತೆಂದು ಅದನ್ನು ಮರಳು ತುಂಬಿದ ಬಕೆಟ್ಟಿಗೆ ಹಾಕಿ, ಅಂಗಳದ ನಡುವೆ ಇಟ್ಟು, ನಮ್ಮನ್ನೆಲ್ಲ ಹತ್ತಿರ ಬರಬೇಡಿ ಎಂದು ಗದರಿದ್ದರು.

ಅವರ ನಿಜವಾದ ಭಯ ಸ್ಕ್ರೂಗಳದು. ರಸ್ತೆಯ ನಡುಕಕ್ಕೆ ಅವು ತಾವಾಗಿಯೇ ಸಡಿಲವಾಗುತ್ತವಂತೆ. ಅದಕ್ಕೇ ಪ್ರತಿ ಸ್ಕ್ರೂವನ್ನೂ ಬಿಗಿ ಮಾಡಿ, ಅದರ ತಲೆಯಿಂದ ಪಕ್ಕದ ಲೋಹದವರೆಗೆ ನೈಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಹತ್ತುವ ಮುಂಚೆ ಬೋರ್ಡನ್ನು ಬೋರಲು ಹಾಕಿ ಎಲ್ಲ ಗೆರೆಗಳನ್ನೂ ನೋಡಿದ ಮೇಲೆಯೇ ಹೊರಡುವುದು. "ಈ ಬೋರ್ಡಿಗೆ ಬೇರೆ ಬ್ರೇಕಿಲ್ಲ ಕಣಮ್ಮ. ಮೋಟರೇ ಬ್ರೇಕು. ಸ್ಕ್ರೂ ಸಡಿಲ ಆಗಿ ಮೋಟರ್ ಜಾರಿ, ಗಾಲಿಯ ಬೆಲ್ಟ್ ಬಿಚ್ಚಿಕೊಳ್ತು ಅಂದ್ರೆ, ಇಳಿಜಾರಲ್ಲಿ ನಮ್ಮನ್ನ ದೇವರೂ ಹಿಡಿಯಕ್ಕಾಗಲ್ಲ," ಎನ್ನುತ್ತಿದ್ದರು.

ಅತ್ತಿಗೆಗೆ ಆ ಬೋರ್ಡು ಕಂಡರಾಗುತ್ತಿರಲಿಲ್ಲ. ಅವರು ಹಾಕಿದ್ದ ಷರತ್ತು ಒಂದೇ. ಅದನ್ನು ನನ್ನೆದುರಿಗೂ ಎಷ್ಟೋ ಸಲ ಹೇಳಿದ್ದರು: "ಒಂದೇ ಒಂದ್ ಸಲ ಬಿದ್ರೂ ಸಾಕು ರೀ, ಆಮೇಲೆ ಈ ಗರಾಜಲ್ಲಿ ಕಾರ್ ಬಿಟ್ರೆ ಏನೂ ಇರಬಾರ್ದು." ಅಣ್ಣ ತಲೆಯಾಡಿಸುತ್ತಿದ್ದರು. ಒಂದು ಸಲವೂ ಬಿದ್ದಿರಲಿಲ್ಲ.

ಆ ವರ್ಷದ ಆಯುಧಪೂಜೆ ಶನಿವಾರ ಬಂದಿತ್ತು. ನಮ್ಮವರ ಕಾರುಗಳೆಲ್ಲ ಮಿಂದು ಹೂವು ಮುಡಿದು ನಿಂತಿದ್ದವು. ನಾನು ಕೋಸಂಬರಿ ಕೊಡಲು ಹೋದಾಗ ಕಂಡ ದೃಶ್ಯ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಣ್ಣನ ಸ್ಪ್ಯಾನರು, ಅಲೆನ್ ಕೀ, ಸ್ಕ್ರೂಡ್ರೈವರು ಎಲ್ಲ ದೇವರ ಪಟದ ಮುಂದೆ ಸಾಲಾಗಿ ಮಲಗಿದ್ದವು. ಅತ್ತಿಗೆ ರೇಷ್ಮೆ ಸೀರೆಯಲ್ಲಿ ಗರಾಜಿನ ನೆಲಕ್ಕೆ ಕೂತು, ಬೋರಲು ಹಾಕಿದ ಬೋರ್ಡಿನ ಒಂದೊಂದು ಸ್ಕ್ರೂಗೂ ನೀರಲ್ಲಿ ಕಲಸಿದ ಕುಂಕುಮ ಇಡುತ್ತಿದ್ದರು. ಅವರಾಗಿಯೇ! ಅಣ್ಣ ಬಾಗಿಲಲ್ಲಿ ನಿಂತು, ಮದುವೆಯಾದ ಹೊಸದರಲ್ಲಿ ನೋಡಿರಬಹುದಾದ ಹಾಗೆ ಹೆಂಡತಿಯನ್ನು ನೋಡುತ್ತಿದ್ದರು.

ಕಾರು ನಿಂಬೆಹಣ್ಣಿನ ಮೇಲೆ ಹಾಯ್ದಾಯಿತು. ಬೋರ್ಡಿನ ಗಾಲಿಗೂ ಪುಟ್ಟ ನಿಂಬೆಹಣ್ಣು ಇಟ್ಟಿದ್ದರು. ಅದೂ ಪಚಕ್ಕೆಂದಿತು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಣ್ಣ ಅಭ್ಯಾಸದಂತೆ ಬೋರ್ಡನ್ನು ತಿರುಗಿಸಿ ನೋಡಿದರು. ಗೆರೆಗಳೆಲ್ಲ ಕುಂಕುಮದ ಕೆಳಗಿದ್ದವು. ಕೈ ಸ್ಕ್ರೂ ಬಿಗಿ ಮಾಡುವ ಅಲೆನ್ ಕೀಗೆಂದು ಜೇಬಿಗೆ ಹೋಗಿ ಬರಿದೇ ಬಂತು. ಪೂಜೆಗಿಟ್ಟದ್ದನ್ನು ಮಾರನೆಯ ದಿನದವರೆಗೆ ಎತ್ತುವಂತಿಲ್ಲ. ಹೆಬ್ಬೆರಳನ್ನು ಒಂದು ಸ್ಕ್ರೂವಿನ ಹತ್ತಿರ ಒಯ್ದರು, ಒರೆಸುವವರಂತೆ.

"ಪೂಜೆ ಆದ್ಮೇಲೆ ಹಾಗೇ ನಿಲ್ಲಿಸಬಾರ್ದು ರೀ, ಒಂದು ರೌಂಡ್ ಹೋಗ್ಬನ್ನಿ," ಎಂದರು ಅತ್ತಿಗೆ, ನಗುತ್ತಾ.

ಅಣ್ಣ ಬೆರಳು ಹಿಂದಕ್ಕೆ ತೆಗೆದುಕೊಂಡರು.

ಇಳಿಜಾರಿನ ತಿರುವಿನವರೆಗೂ ಚೆನ್ನಾಗಿಯೇ ಹೋದರು. ಆಮೇಲೆ ಟಪ್ ಎಂದು ಒಂದು ಸದ್ದು. ಬೋರ್ಡು ನಿಧಾನವಾಗಬೇಕಾದ ಕಡೆ ಜೋರಾಯಿತು. ಎದುರು ಮನೆಯ ಹುಲ್ಲಿನ ಕಡೆ ತಿರುಗಿಸಲು ನೋಡಿದರು, ಫುಟ್‌ಪಾತಿನ ಅಂಚಿಗೆ ಗಾಲಿ ಬಡಿಯಿತು... ಹೆಲ್ಮೆಟ್ಟು ತಲೆ ಉಳಿಸಿತು. ಸೊಂಟದ ಮೂಳೆ ಮುರಿಯಿತು.

ಆಪರೇಶನ್ ಆಗಿ ಮನೆಗೆ ಬಂದ ಮೇಲೆ, ಅತ್ತಿಗೆ ಗ್ರೋಸರಿಗೆ ಹೋದ ಒಂದು ಮಧ್ಯಾಹ್ನ ನಾನು ಅವರ ಜೊತೆ ಕೂತಿದ್ದೆ. ಬೋರ್ಡು ತಂದುಕೊಡಮ್ಮ ಎಂದರು. ಮೋಟರ್ ಹಿಡಿದಿದ್ದ ಸ್ಕ್ರೂ ತೋರಿಸಿ ಒರೆಸು ಎಂದರು. ಒಣಗಿ ಅಂಟಿದ್ದ ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಸ್ಕ್ರೂವಿನ ತಲೆಯ ಮೇಲಿನ ಗೆರೆ ಒಂದು ಕಡೆ, ಲೋಹದ ಮೇಲಿನ ಗೆರೆ ಇನ್ನೊಂದು ಕಡೆ.

"ಒಂದು ರೌಂಡಿಗೆ ಇಷ್ಟು ತಿರುಗಲ್ಲ. ಮುಂಚೆನೇ ಸಡಿಲ ಆಗಿತ್ತು," ಎಂದರು.

"ಒರೆಸಿ ನೋಡಬಾರದಿತ್ತೇ ಅಣ್ಣ?" ನನಗೆ ಸಿಟ್ಟೇ ಬಂದಿತ್ತು.

"ಇಷ್ಟು ವರ್ಷಕ್ಕೆ ಮೊದಲ್ನೇ ಸಲ ಅವಳಾಗೇ ಬಂದು ಇಟ್ಟಿದ್ಲು ಕಣಮ್ಮ. ಅವಳ ಎದುರಿಗೇ ಹೆಂಗೆ ಒರೆಸ್ಲಿ?" ಎಂದು ಗೋಡೆಯ ಕಡೆ ತಿರುಗಿದರು. ಆ ಕಡೆ ನೋಡುತ್ತಲೇ, "ರೋಡಲ್ಲಿ ಕಲ್ಲಿತ್ತು ಅಂತ ಹೇಳಿದ್ದೀನಿ. ನೀನೂ ಹಂಗೇ ಹೇಳು. ಗೊತ್ತಾದ್ರೆ ಅವಳು ಕುಂಕುಮದ ಭರಣಿ ಮುಟ್ಟಲ್ಲ," ಎಂದರು.

ಷರತ್ತಿನಂತೆ ಗರಾಜು ಖಾಲಿಯಾಯಿತು. ಅಣ್ಣ ಕೋಲು ಹಿಡಿದು ಬಾಗಿಲವರೆಗೆ ಬಂದು, ರಸ್ತೆಯಲ್ಲಿ ಬೋರ್ಡಿನ ಮೇಲೆ ಹೋಗುವ ಹುಡುಗರನ್ನು ನೋಡುತ್ತಾ ನಿಲ್ಲುತ್ತಿದ್ದರು. ನಗಿಸುತ್ತಿದ್ದ ಮನುಷ್ಯ ಮಾತು ಕಡಿಮೆ ಮಾಡಿದರು. ಆಮೇಲೆ ನಾವು ಮನೆ ಬದಲಾಯಿಸಿದೆವು, ಹೋಗಿ ಬರುವುದು ಫೋನಿಗೆ ಇಳಿಯಿತು... ಹೋದ ಚಳಿಗಾಲದಲ್ಲಿ ನಿದ್ದೆಯಲ್ಲೇ ಹೃದಯ ನಿಂತು ಹೋಗಿಬಿಟ್ಟರು. ಬಿದ್ದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ಇರಬಹುದು. ಆದರೆ ಅವರ ಕೊನೆಯ ವರ್ಷಗಳ ಸಂತೋಷವನ್ನು ಒಂದು ಚಿಟಿಕೆ ಕುಂಕುಮ ಕಿತ್ತುಕೊಂಡಿತಲ್ಲ ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ.

ಮಗಳ ಉಗುರು ಒಣಗುವ ಹೊತ್ತಿಗೆ ತಡೆಯಲಾಗದೆ ಅತ್ತಿಗೆಗೆ ಫೋನು ಮಾಡಿದೆ. ಅದೂ ಇದೂ ಮಾತಾಡಿ, ಮಾತು ಹೇಗೋ ಅವತ್ತಿನ ದಿನಕ್ಕೇ ಬಂತು.

"ಆ ಕಲ್ಲು ಎಲ್ಲಿತ್ತೋ ಏನೋ ನೋಡೇ," ಎಂದರು ಅತ್ತಿಗೆ. "ನಾನು ಬಗ್ಗಿ ಒಂದೊಂದು ಸ್ಕ್ರೂಗೂ ಕುಂಕುಮ ಇಟ್ಟಿದ್ನಲ್ಲ, ಅದಕ್ಕೇ ಜೀವ ಉಳೀತು. ಇಷ್ಟು ವರ್ಷ ನನ್ ಜೊತೆ ಇದ್ರು. ಅಲ್ವೇನೇ?"

"ಹೌದು ಅತ್ತಿಗೆ," ಎಂದೆ.