ಅಕ್ಕನ ಕತ್ತರಿ

ನಾನು ನಿಮ್ಮಷ್ಟು ಚಿಕ್ಕವಳಿದ್ದಾಗ ನಮ್ಮ ಮನೆ ಬಂಟ್ವಾಳದಲ್ಲಿ, ನೇತ್ರಾವತಿಯ ದಡಕ್ಕೆ ತೀರಾ ಹತ್ತಿರವಿತ್ತು. ಅಮ್ಮ ತೀರಿಹೋಗಿದ್ದರು. ಅಪ್ಪ ಕಡವಿನಲ್ಲಿ ದೋಣಿ ನಡೆಸುತ್ತಿದ್ದರು. ಮಳೆಗಾಲದಲ್ಲಿ ದೋಣಿಗೆ ಕೆಲಸವಿಲ್ಲ. ಅಕ್ಕ ಬೀಡಿ ಕಟ್ಟಿದರೆ ಮಾತ್ರ ಮನೆಯಲ್ಲಿ ಗಂಜಿ ಬೇಯುತ್ತಿತ್ತು.

ಆ ದಿನ ಬೆಳಗ್ಗೆ ಏಳುವಾಗಲೇ ಹೊಳೆಯ ಸದ್ದು ಬೇರೆಯಾಗಿತ್ತು. ಕೆಂಪು ನೀರಿನಲ್ಲಿ ತೆಂಗಿನಕಾಯಿ, ಬಾಳೆಗಿಡ, ಯಾರದೋ ಮನೆಯ ಬಾಗಿಲು ತೇಲಿಹೋಗುತ್ತಿದ್ದವು. ತಗ್ಗಿನ ಮನೆಗಳ ಜನರನ್ನು ಕರೆತರಲು ಅಪ್ಪ ದೋಣಿ ತೆಗೆದುಕೊಂಡು ಹೋದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಳಗೂ ಹೊರಗೂ ಓಡಾಡಿದೆ. ಇಣುಕಿದಾಗಲೆಲ್ಲ ನೀರು ಇನ್ನೊಂದು ಮೆಟ್ಟಿಲು ಏರಿರುತ್ತಿತ್ತು. ಅಕ್ಕ ಮಾತ್ರ ಬೀಡಿ ಎಲೆ ಕತ್ತರಿಸುತ್ತಲೇ ಇದ್ದಳು.

"ಸುಮ್ಮನೆ ಕೂತುಕೋ ಮಾರಾಯ್ತಿ, ನನಗೆ ತಲೆ ತಿರುಗ್ತದೆ," ಎಂದು ಗದರಿದಳು. ಕತ್ತರಿಯನ್ನು ಮಾತ್ರ ಕೆಳಗಿಡಲಿಲ್ಲ.

ನೀರು ಹೊಸ್ತಿಲು ದಾಟಿದಾಗ ಅಪ್ಪನ ದೋಣಿ ನಮ್ಮ ಅಂಗಳಕ್ಕೇ ಬಂತು. ಅದರಲ್ಲಿ ಆಗಲೇ ಆರೇಳು ಮಂದಿ ಇದ್ದರು. ಅಕ್ಕ ಎಲೆ, ಹೊಗೆಸೊಪ್ಪು ತುಂಬಿದ ಬುಟ್ಟಿಯನ್ನು ಎತ್ತಿಕೊಂಡಳು.

"ಸಾಮಾನು ಬೇಡ ಮಗಾ, ದೋಣಿ ತಡೆಯುವುದಿಲ್ಲ," ಎಂದರು ಅಪ್ಪ.

"ಇದು ಹೋದರೆ ನಾಳೆ ಏನು ಮಾಡುವುದು ಅಪ್ಪಾ?"

"ನಾಳೆಯದ್ದು ನಾಳೆ ನೋಡುವ. ಹತ್ತು!"

ಅಕ್ಕ ಬುಟ್ಟಿಯನ್ನು ಕೆಳಗಿಟ್ಟಳು. ನಾನು ಅವಳ ಕತ್ತರಿಯನ್ನು ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಯಾಕೆಂದು ನನಗೇ ಗೊತ್ತಿರಲಿಲ್ಲ. ದೋಣಿ ಓಲಾಡಿದಾಗಲೆಲ್ಲ ಅದರ ತುದಿ ಚುಚ್ಚುತ್ತಿತ್ತು. ನಾನು ತುಟಿ ಕಚ್ಚಿ ಕೂತಿದ್ದೆ.

ಗುಡ್ಡದ ಮೇಲಿನ ಶಾಲೆಯಲ್ಲಿ ನಮ್ಮನ್ನೆಲ್ಲ ಇರಿಸಿದರು. ಒದ್ದೆ ಬಟ್ಟೆಯ ವಾಸನೆ, ಮಕ್ಕಳ ಅಳು. ಅಕ್ಕ ಗೋಡೆ ನೋಡುತ್ತಾ ಕೂತುಬಿಟ್ಟಳು. ನಾನು ಕತ್ತರಿಯನ್ನು ಅವಳ ಮಡಿಲಲ್ಲಿಟ್ಟೆ.

"ಹೊಟ್ಟೆಗೆ ಹೊಕ್ಕಿದ್ದರೆ ಏನು ಗತಿ?" ಎಂದು ಬೈದಳು. ಬೈಯುತ್ತಲೇ ನನ್ನನ್ನು ತಬ್ಬಿಕೊಂಡು ಅತ್ತಳು.

ನಮಗೆ ಗಂಜಿ ತಂದಿದ್ದ ಗುಡ್ಡದ ಮನೆಯ ಹೆಂಗಸೊಬ್ಬರು ಅದನ್ನು ನೋಡಿದರು. "ಕತ್ತರಿ ಉಂಟಲ್ಲ? ಎಲೆ ನನ್ನಲ್ಲಿ ಉಂಟು. ಬಾ, ಒಟ್ಟಿಗೆ ಕಟ್ಟುವ," ಎಂದರು. ಆ ಸಂಜೆಯೇ ಅಕ್ಕನ ಬೆರಳುಗಳು ಮತ್ತೆ ಓಡತೊಡಗಿದವು.

ನೀರಿಳಿದಾಗ ನಮ್ಮ ಮಣ್ಣಿನ ಗೋಡೆಗಳು ಉಳಿದಿರಲಿಲ್ಲ. ಎತ್ತರದಲ್ಲಿ ಹೊಸ ಮನೆ ಏಳುವವರೆಗೂ ನಮ್ಮನ್ನು ಸಾಕಿದ್ದು ಅಕ್ಕನ ಬೀಡಿಯೇ.

ಈಗ ಹೊಳೆ ಏರುವ ಮೊದಲೇ ಮೊಬೈಲಿನಲ್ಲಿ ಸುದ್ದಿ ಬರುತ್ತದೆ. ಮಳೆಗೆ ರಜೆ ಸಿಕ್ಕಿತೆಂದು ನೀವು ಕುಣಿಯುತ್ತೀರಿ. ಅದೇ ಹೊತ್ತಿಗೆ ನಿಮ್ಮ ಅಮ್ಮ ಪೇಟೆಯ ಅಂಗಡಿಯಲ್ಲಿ ಒಬ್ಬಳೇ ಹೊಲಿಗೆ ಯಂತ್ರವನ್ನು ಮಹಡಿಗೆ ಏರಿಸುತ್ತಿರುತ್ತಾಳೆ. ಕುಣಿಯಿರಿ ಮಕ್ಕಳೇ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಹೋಗಿ ಆ ಯಂತ್ರದ ಇನ್ನೊಂದು ಬದಿ ಹಿಡಿಯಿರಿ.